‘ಶೇ 36 ಕಡಿಮೆ’ ಎಂದರೆ ಎಷ್ಟು ಮಂದಿಗೆ? ಚಿಕಿತ್ಸೆಗೆ ಮುನ್ನ ಕೇಳಬೇಕಾದ ಲೆಕ್ಕ

ಮಾಧವರಂ: ಗಡಿಭಾಗದ ಜನ ಚಿಕಿತ್ಸೆಗೆ ಆದೋನಿಗೆ ಹೋಗಲಿ, ಕರ್ನೂಲಿಗೆ ಇಲ್ಲವೆ ರಾಯಚೂರಿಗೆ ಹೋಗಲಿ, ಔಷಧದ ಲಾಭ, ಅಪಾಯಗಳನ್ನು ಹೆಚ್ಚಾಗಿ ಶೇಕಡಾವಾರಿನಲ್ಲಿ ಕೇಳುತ್ತಾರೆ. ಈ ಲೆಕ್ಕ ತಿಳಿಯದಿದ್ದರೆ ಇಲ್ಲದ ಭಯವೂ ಹುಟ್ಟುತ್ತದೆ, ಸಲ್ಲದ ಆಸೆಯೂ ಹುಟ್ಟುತ್ತದೆ.

ಭಯ ಹುಟ್ಟಿಸಿದ ಸುದ್ದಿ

ಕೋವಿಶೀಲ್ಡ್ ಲಸಿಕೆಯಿಂದ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂಬ ಸುದ್ದಿ 2024ರಲ್ಲಿ ದೇಶದೆಲ್ಲೆಡೆ ಹರಡಿತು. 2021ರಲ್ಲೇ ಸೂಜಿ ಹಾಕಿಸಿಕೊಂಡಿದ್ದವರೂ ಹೆದರಿದರು. ಆಗ ಐಸಿಎಂಆರ್‌ನ ಮಾಜಿ ವಿಜ್ಞಾನಿ ಡಾ. ರಮಣ ಗಂಗಾಖೇಡ್ಕರ್, ಈ ಅಪಾಯ 10 ಲಕ್ಷ ಮಂದಿಯಲ್ಲಿ 7–8 ಮಂದಿಗೆ ಮಾತ್ರ ಎಂದರು. ಅದೂ ಲಸಿಕೆ ಪಡೆದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುವಂಥದ್ದು. ಮೂರು ವರ್ಷ ಕಳೆದವರು ಹೆದರಬೇಕಾದ್ದಿರಲಿಲ್ಲ.

ಆಸೆ ಹುಟ್ಟಿಸಿದ ಜಾಹೀರಾತು

ಅಟೊರ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಗುಳಿಗೆ ಹೃದಯಾಘಾತವನ್ನು ಶೇ 36ರಷ್ಟು ತಗ್ಗಿಸುತ್ತದೆ ಎಂದು ಅಮೆರಿಕದಲ್ಲಿ ಜಾಹೀರಾತು ಬಂದಿತ್ತು. ನೂರರಲ್ಲಿ 36 ಮಂದಿ ಬದುಕುತ್ತಾರೆ ಎಂದು ಇದರ ಅರ್ಥವಲ್ಲ. 2003ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಬಿಪಿ ಇದ್ದ 10 ಸಾವಿರಕ್ಕೂ ಹೆಚ್ಚು ಮಂದಿಯನ್ನು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಲಾಗಿತ್ತು. ಔಷಧವಿಲ್ಲದ ಹುಸಿ ಗುಳಿಗೆ ನುಂಗಿದ ನೂರು ಮಂದಿಯಲ್ಲಿ ಸುಮಾರು 3 ಮಂದಿಗೆ ಹೃದಯಾಘಾತವಾದರೆ, ಔಷಧ ನುಂಗಿದ ನೂರರಲ್ಲಿ ಸುಮಾರು 2 ಮಂದಿಗೆ ಆಯಿತು. ಅಂದರೆ ನೂರು ಮಂದಿ ನುಂಗಿದರೆ ಒಬ್ಬರಿಗೆ ಲಾಭ.

ಎರಡು ಲೆಕ್ಕವೂ ಸರಿಯೇ. ಆದರೆ ಒಂದು ದೊಡ್ಡದಾಗಿ ಕೇಳಿಸುತ್ತದೆ. ಹಾಗೆಂದು ಗುಳಿಗೆ ಬಿಡಬಾರದು. ಈಗಾಗಲೇ ಹೃದಯಾಘಾತ ಆದವರಿಗೆ ಅಪಾಯ ಹೆಚ್ಚು, ಆದ್ದರಿಂದ ಲಾಭವೂ ಹೆಚ್ಚು.

ಲೆಕ್ಕ ಬೇಡದ ಕಡೆ

ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ನಾಯಿ ಕಚ್ಚಿದರೆ ಗಾಯವನ್ನು ಸೋಪು, ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ಇಲ್ಲಿ ಹಿಂದೆಮುಂದೆ ನೋಡುವುದೇ ಅಪಾಯ.

ವೈದ್ಯರನ್ನು ಏನು ಕೇಳಬೇಕು?

* ಚಿಕಿತ್ಸೆ ಪಡೆಯದಿದ್ದರೆ ನನ್ನಂಥ ನೂರು ಮಂದಿಯಲ್ಲಿ ಎಷ್ಟು ಮಂದಿಗೆ ತೊಂದರೆ?
* ಪಡೆದರೆ ಎಷ್ಟು ಮಂದಿಗೆ?
* ಎಷ್ಟು ವರ್ಷದಲ್ಲಿ?
* ಅಡ್ಡಪರಿಣಾಮ ಎಷ್ಟು ಮಂದಿಗೆ? ಖರ್ಚೆಷ್ಟು?

ಕರ್ನೂಲಿನಲ್ಲಾದರೆ ತೆಲುಗಿನಲ್ಲೇ ಕೇಳಬಹುದು: ‘ಎಂತಮಂದಿಲೋ ಎಂತಮಂದಿಕಿ?’ ಉತ್ತರ ಸಿಕ್ಕ ಮೇಲೆ ಮನೆಯವರೊಂದಿಗೆ ಕೂತು ತೀರ್ಮಾನಿಸುವುದು ಸುಲಭ.