‘ಠ’ದ ಹೊಟ್ಟೆಯ ಚುಕ್ಕೆ ಕಾಣುತ್ತಿದೆಯೆ?

ಸವಣೂರು ತಾಲ್ಲೂಕಿನ ಯಲವಿಗಿ. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ದೊಡ್ಡ ಕಪ್ಪು ಅಕ್ಷರ. ಅಲ್ಲಿ ‘ವಿ’ ದೂರದಿಂದಲೂ ‘ವಿ’ಯೇ. ಅದೇ ಹೆಸರನ್ನು ದಪ್ಪ ಫಾಂಟಿನಲ್ಲಿ, ಚಿಕ್ಕ ರಸೀದಿಯ ಮೇಲೆ ಮುದ್ರಿಸಿದರೆ ಅದು ‘ಮಿ’ಯೋ ಎಂದು ಕಣ್ಣು ತಡವರಿಸುತ್ತದೆ.

ಕನ್ನಡದಲ್ಲಿ ಎಷ್ಟೋ ಅಕ್ಷರಗಳ ಗುರುತು ಒಂದೇ ಸಣ್ಣ ಗೆರೆಯಲ್ಲಿದೆ. ‘ರ’ದೊಳಗೆ ಚುಕ್ಕೆಯಿಟ್ಟರೆ ‘ಠ’. ‘ಪ’ದ ಬುಡದಲ್ಲಿ ಸೀಳು ಬಂದರೆ ‘ಫ’, ಹೊಟ್ಟೆಯಲ್ಲಿ ಗೆರೆ ಬಂದರೆ ‘ಷ’. ಸೀಳಿನಲ್ಲಿ ಮಸಿ ತುಂಬಿತೋ, ‘ಧನ’ ಹೋಗಿ ‘ದನ’! ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರವಂತೂ ಅವಳಿಗಳು.

ಇಂಗ್ಲಿಷಿನಲ್ಲೂ ಸೊನ್ನೆಯ ಗೊಂದಲ ತಪ್ಪಿದ್ದಲ್ಲ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್‌ನಲ್ಲಿ 11 ಅಕ್ಷರ. ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ‘ಓ’ ಅಲ್ಲ. ಅರ್ಜಿ ನಮೂನೆಗೆ ಸೊನ್ನೆಯೊಳಗೆ ಓರೆಗೆರೆಯಿರುವ ಫಾಂಟನ್ನೇ ಹಿಡಿಯಿರಿ.

ಕನ್ನಡಕ್ಕೆ ನುಡಿ, ನೋಟೊ ಸಾನ್ಸ್ ಕನ್ನಡ ಫಾಂಟುಗಳಿವೆ, ಎರಡೂ ಉಚಿತ. ಆರಿಸುವ ಮುನ್ನ ಟೈಪ್ ಮಾಡಿ: ರ ಠ ೦, ಪ ಫ ಷ, ಬ ಭ, ದ ಧ ಥ. ಚಿಕ್ಕ ಗಾತ್ರದಲ್ಲಿ ಪ್ರಿಂಟ್ ತೆಗೆದು, ಅದರ ಜೆರಾಕ್ಸ್ ಮಾಡಿಸಿ, ಮನೆಯ ಹಿರಿಯರ ಕೈಗೆ ಕೊಡಿ. ಅವರು ಎಡವಿದ ಅಕ್ಷರ ಗುರುತು ಹಾಕಿಕೊಂಡು, ಇನ್ನೊಂದು ಫಾಂಟಿನಲ್ಲಿ ಮತ್ತೆ ಓದಿಸಿ.