ವಿಮಾನದಿಂದಿಳಿದು ಲಕ್ಕುಂಡಿಗೆ

ದೂರ ದೇಶದಿಂದ ಬರುವ ಯಾತ್ರಿಕನಿಗೆ ಮೊದಲ ಸಾವಿರ ಮೈಲಿ ಸುಲಭ, ಕೊನೆಯ ಹತ್ತು ಮೈಲಿ ಕಷ್ಟ. ಆಕಾಶಮಾರ್ಗ ನಿಶ್ಚಿತವಾದುದು, ಟಿಕೇಟಿನಲ್ಲಿ ಹೊರಡುವ ಗಳಿಗೆ, ತಲಪುವ ಗಳಿಗೆ ಎರಡೂ ಬರೆದಿರುತ್ತವೆ. ನೆಲಕ್ಕಿಳಿದ ಮೇಲೆ ಮಾತ್ರ ಆತ ಬಾಡಿಗೆ ಮೋಟಾರಿನವನು ಹೇಳಿದ ದರಕ್ಕೆ ತಲೆಬಾಗಬೇಕಾಗುತ್ತದೆ. ಆದ್ದರಿಂದಲೇ ದೊಡ್ಡ ನಗರಗಳು ವಿಮಾನ ನಿಲ್ದಾಣದಿಂದ ಊರಿಗೆ ಬರುವ ಅಗ್ಗದ ದಾರಿಯ ಬಗೆಗೆ ತಲೆ ಕೆಡಿಸಿಕೊಂಡಿವೆ. ಲಂಡನ್ ನಗರದ ನೆಲದಡಿಯ ರೈಲು 1977ರಲ್ಲಿ ಹೀಥ್ರೋ ನಿಲ್ದಾಣವನ್ನು ಮುಟ್ಟಿತು. ನಮ್ಮ ಬೆಂಗಳೂರಿನ ವಿಮಾನ ನಿಲ್ದಾಣವು 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಕಡೆಗೆ ಸರಿದಾಗ, ಮೆಜೆಸ್ಟಿಕ್ಕಿಗೂ ಅದಕ್ಕೂ ನಡುವೆ ಸುಮಾರು 35 ಕಿಲೋಮೀಟರುಗಳ ಅಂತರ ಬಿದ್ದಿತು. ಆ ಅಂತರವನ್ನು ತುಂಬಲು ‘ವಾಯುವಜ್ರ’ ಎಂಬ ಬಸ್ಸುಗಳು ಬಂದವು.

ನಮ್ಮ ಉತ್ತರ ಕರ್ನಾಟಕದ ಪ್ರಶ್ನೆ ಬೇರೆ ಬಗೆಯದು. ಇಲ್ಲಿ ವಿಮಾನ ನಿಲ್ದಾಣ ಊರಿಗೆ ಹತ್ತಿರವೇ ಉಂಟು. ನೋಡಬೇಕಾದ ಊರು ಮಾತ್ರ ದೂರ. ಹುಬ್ಬಳ್ಳಿಯ ವಿಮಾನ ನಿಲ್ದಾಣ ಗೋಕುಲ ರಸ್ತೆಯಲ್ಲಿದೆ. 2017ರ ಡಿಸೆಂಬರಿನಲ್ಲಿ ಅದರ ಹೊಸ ಕಟ್ಟಡ ಉದ್ಘಾಟನೆಯಾದ ತರುವಾಯ ಬೆಂಗಳೂರು ಮೊದಲಾದ ಪಟ್ಟಣಗಳಿಂದ ಬರುವವರ ಸಂಖ್ಯೆ ಹೆಚ್ಚಿತು. ಅವರಲ್ಲಿ ಶಿಲ್ಪದ ಆಸಕ್ತರೂ ಇದ್ದಾರೆ, ಸಂಶೋಧನೆಗೆ ಬಂದ ಬಡ ವಿದ್ಯಾರ್ಥಿಗಳೂ ಇದ್ದಾರೆ. ಅಲ್ಲಿಂದ ಲಕ್ಕುಂಡಿಗೆ ಹೋಗಿಬರಲು ಒಂದು ಮೋಟಾರನ್ನು ಗೊತ್ತುಮಾಡಿದರೆ, ಕೆಲವೊಮ್ಮೆ ಆ ಬಾಡಿಗೆ ವಿಮಾನದ ಟಿಕೇಟಿಗೆ ಸಮನಾದೀತು.

ಅದು ಅನಿವಾರ್ಯವೇನೂ ಅಲ್ಲ. ಗೋಕುಲ ರಸ್ತೆಯ ವಿಶೇಷವೆಂದರೆ ಹುಬ್ಬಳ್ಳಿಯ ಹೊಸ ಬಸ್ ನಿಲ್ದಾಣವೂ ಅದೇ ರಸ್ತೆಯಲ್ಲಿರುವುದು. ಕೈಚೀಲ ಹಗುರವಾಗಿದ್ದರೆ ನಿಲ್ದಾಣದ ಆವರಣದಿಂದ ಮುಖ್ಯ ರಸ್ತೆಗೆ ಬಂದು ನಗರ ಸಾರಿಗೆಯ ಬಸ್ಸನ್ನು ಹಿಡಿಯಬಹುದು. ಸಾಮಾನು ಭಾರವಾಗಿದ್ದರೆ ಆಟೋರಿಕ್ಷಾ ಈ ಸಣ್ಣ ದೂರಕ್ಕೆ ಸಾಕು. ಹೊಸ ಬಸ್ ನಿಲ್ದಾಣದಲ್ಲಿ ಗದಗಿನ ಕಡೆಗೆ ಹೋಗುವ ವಾಯವ್ಯ ಸಾರಿಗೆಯ ಬಸ್ಸುಗಳು ದೊರೆಯುತ್ತವೆ. ರೈಲನ್ನು ಮೆಚ್ಚುವವರು ಇನ್ನಷ್ಟು ಮುಂದೆ, ಸಿದ್ಧಾರೂಢಸ್ವಾಮಿಗಳ ಹೆಸರಿನ ರೈಲು ನಿಲ್ದಾಣಕ್ಕೆ ಹೋಗಬೇಕು. ಅಲ್ಲಿಂದ ಗದಗು 58 ಕಿಲೋಮೀಟರು, ಸುಮಾರು ಒಂದು ಗಂಟೆಯ ಹಾದಿ. ಮುಂಗಡ ಕಾಯ್ದಿರಿಸದ ಸಾಮಾನ್ಯ ಟಿಕೇಟಿನಲ್ಲಿ ಹೋದರೆ ಇದಕ್ಕಿಂತ ಅಗ್ಗದ ದಾರಿ ಸಿಗುವುದು ಕಠಿಣ. ಆದರೆ ರೈಲಿಗೆ ನಿಗದಿಯಾದ ಹೊತ್ತುಗಳುಂಟು. ವಿಮಾನ ತಡವಾಗಿ ಇಳಿದ ದಿನ ಬಸ್ಸೇ ನಂಬಿಗಸ್ತ.

ಬಸ್ಸಾಗಲಿ ರೈಲಾಗಲಿ, ದಾರಿಯಲ್ಲಿ ಅಣ್ಣಿಗೇರಿ ಬರುತ್ತದೆ. ಪಂಪನ ಹುಟ್ಟೂರೆಂದು ಹೆಸರಾದ, ಅಮೃತೇಶ್ವರನ ಗುಡಿಯಿರುವ ಊರು ಅದು. ಮುಂದೆ ಗದಗು: ಕುಮಾರವ್ಯಾಸನ ವೀರನಾರಾಯಣ ಅಲ್ಲಿದ್ದಾನೆ. ಮೋಟಾರಿನ ಗಾಜು ಏರಿಸಿ ಮಲಗಿದವನಿಗೆ ಇವು ಬರಿಯ ಹೆಸರುಗಳು. ಬಸ್ಸಿನ ಕಿಟಕಿಯ ಬದಿಯಲ್ಲಿ ಕುಳಿತವನಿಗೆ ಕನ್ನಡ ಸಾಹಿತ್ಯದ ಐದು ಶತಮಾನಗಳು ಒಂದೆರಡು ಗಂಟೆಗಳಲ್ಲಿ ಎದುರಾಗುತ್ತವೆ. ಎರೆಯ ಹೊಲಗಳ ನಡುವೆ ಹತ್ತಿಳಿಯುವ ರೈತರ ಮಾತು ಈ ಪ್ರವಾಸಕ್ಕೆ ಸಿಗುವ ಲಾಭ.

ಗದಗಿನಿಂದ ಲಕ್ಕುಂಡಿ ಹನ್ನೆರಡು ಕಿಲೋಮೀಟರುಗಳಷ್ಟು ಮಾತ್ರ. ಕೊಪ್ಪಳ, ಹೊಸಪೇಟೆಗಳ ಕಡೆಗೆ ಹೋಗುವ ಹೆದ್ದಾರಿಯ ಮೇಲೆಯೇ ಊರಿದೆ. ಇಲ್ಲಿ ಎಚ್ಚರ ಬೇಕು. ಆ ದಿಕ್ಕಿಗೆ ಹೋಗುವ ಬಸ್ಸುಗಳೆಲ್ಲ ಲಕ್ಕುಂಡಿಯಲ್ಲಿ ನಿಲ್ಲುತ್ತವೆಂದು ತಿಳಿಯಲಾಗದು; ಹತ್ತುವ ಮೊದಲೇ ನಿರ್ವಾಹಕನನ್ನು ಕೇಳಬೇಕು. ಸಾಮಾನ್ಯ ಬಸ್ಸನ್ನು ಆರಿಸಿಕೊಂಡರೆ ಇನ್ನೊಂದು ಅನುಕೂಲವುಂಟು. 2023ರ ಜೂನ್ 11ರಿಂದ ಜಾರಿಗೆ ಬಂದ ‘ಶಕ್ತಿ’ ಯೋಜನೆಯಂತೆ ಕರ್ನಾಟಕದ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ರಾಜ್ಯದೊಳಗೆ ಇಂಥ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಪ್ರಯಾಣ ಮಾಡಬಹುದು; ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸದು. ಸಂಜೆ ಮರಳುವ ಬಸ್ಸಿನ ಹೊತ್ತನ್ನೂ ಇಳಿದೊಡನೆ ವಿಚಾರಿಸಿಕೊಳ್ಳುವುದು ಕ್ಷೇಮ. ಊರೊಳಗೆ ವಾಹನದ ಹಂಗಿಲ್ಲ. ಕಾಶಿ ವಿಶ್ವೇಶ್ವರ, ನನ್ನೇಶ್ವರ, ಮಾಣಿಕೇಶ್ವರನ ಮುಂದಿನ ಮುಸುಕಿನ ಬಾವಿ, ಬ್ರಹ್ಮ ಜಿನಾಲಯ ಎಲ್ಲವನ್ನೂ ಕಾಲ್ನಡಿಗೆಯಲ್ಲೇ ನೋಡಬಹುದು.

ಇಷ್ಟೊಂದು ಲೆಕ್ಕಾಚಾರ ಏಕೆಂದು ಯಾರಾದರೂ ಕೇಳಿಯಾರು. ಉತ್ತರ ಲಕ್ಕುಂಡಿಯಲ್ಲೇ ಇದೆ. ಬ್ರಹ್ಮ ಜಿನಾಲಯವನ್ನು 1007ರ ಸುಮಾರಿಗೆ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ರನ್ನನ ಅಜಿತಪುರಾಣಕ್ಕೆ ಆಶ್ರಯವಿತ್ತವಳೂ ಅವಳೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಕಾವ್ಯವೊಂದು ಕೆಲವರ ಪೆಟ್ಟಿಗೆಯಲ್ಲಿ ಉಳಿಯದೆ ಅನೇಕರ ಕೈಗೆ ಬರಲೆಂಬುದು ಆ ದಾನದ ಹುರುಳು. ಒಳ್ಳೆಯದನ್ನು ನಿರ್ಮಿಸಿದರೆ ಸಾಲದು, ಅದು ಇಲ್ಲದವನಿಗೂ ಎಟುಕಬೇಕೆಂಬುದನ್ನು ಆಕೆ ಕಂಡುಕೊಂಡಿದ್ದಳು.

ಅವಳು ಕಟ್ಟಿಸಿದ ಗುಡಿ ಇಂದು ಮೋಟಾರು ಇದ್ದವರಿಗೆ ಮಾತ್ರ ಸುಲಭವಾದರೆ ಆ ದಾನದ ಅರ್ಥವೇ ಕುಂದೀತು. ಇದಕ್ಕೆ ದೊಡ್ಡ ಯೋಜನೆ ಬೇಡ. ವಿಮಾನದಿಂದ ಇಳಿದವರ ಕಣ್ಣಿಗೆ ಬೀಳುವಂತೆ ಗದಗಿನ ಬಸ್ಸು ಮತ್ತು ರೈಲುಗಳ ವೇಳೆಯನ್ನು ತಿಳಿಸುವ ಒಂದು ಫಲಕ, ಗದಗಿನ ಬಸ್ ನಿಲ್ದಾಣದಲ್ಲಿ ‘ಲಕ್ಕುಂಡಿ’ ಎಂದು ಎದ್ದು ಕಾಣುವ ಇನ್ನೊಂದು ಫಲಕ, ಸಂಜೆ ಮರಳಲು ನೆಚ್ಚಬಹುದಾದ ಒಂದು ಬಸ್ಸು—ಇಷ್ಟಾದರೆ ಆ ಬಡ ವಿದ್ಯಾರ್ಥಿ ದಾರಿಗಾಗಿ ಯಾರನ್ನೂ ಬೇಡಬೇಕಾಗಿಲ್ಲ.

(ಆಕಾಶವಾಣಿ ಭಾಷಣ)