ಓಡುವ ಯಂತ್ರವನ್ನು ಬದಲಿಸುವ ಲೆಕ್ಕ: ವಿಮಾನ ನಿಲ್ದಾಣದ ಚಾಲಕರಹಿತ ರೈಲುಗಳು ಕಲಿಸುವ ಪಾಠ

ಯಂತ್ರವನ್ನು ಕೊಳ್ಳುವಾಗ ಅದರ ಬೆಲೆಯನ್ನು ಎಲ್ಲರೂ ವಿಚಾರಿಸುತ್ತಾರೆ. ಮುಂದೊಂದು ದಿನ ಅದನ್ನು ತೆಗೆದು ಹೊಸದನ್ನು ಕೂರಿಸುವಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಬಗೆ ಯಾವುದೆಂದು ವಿಚಾರಿಸುವವರು ವಿರಳ. ಈ ಎರಡನೆಯ ಪ್ರಶ್ನೆ ಎಷ್ಟು ದುಬಾರಿಯಾದೀತೆಂಬುದನ್ನು ಅಮೆರಿಕದ ದೊಡ್ಡ ವಿಮಾನ ನಿಲ್ದಾಣಗಳ ಅನುಭವ ಸ್ಪಷ್ಟಪಡಿಸುತ್ತದೆ.

ಅಲ್ಲಿ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಒಯ್ಯಲು ಚಾಲಕರಿಲ್ಲದ ಪುಟ್ಟ ರೈಲುಗಳಿವೆ. 'ಪೀಪಲ್ ಮೂವರ್' ಎಂಬ ಹೆಸರಿನ ಈ ವ್ಯವಸ್ಥೆ ವಿಮಾನ ನಿಲ್ದಾಣವೊಂದರಲ್ಲಿ ಮೊದಲು ಬಳಕೆಗೆ ಬಂದದ್ದು 1971ರಲ್ಲಿ, ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿ. ಪ್ರಯಾಣಿಕರು ಸುಮಾರು 700 ಅಡಿಗಿಂತ ಹೆಚ್ಚು ನಡೆಯಬೇಕಾಗಬಾರದೆಂಬುದು ಯೋಜಕರ ಗುರಿಯಾಗಿತ್ತು. ವೆಸ್ಟಿಂಗ್‌ಹೌಸ್ ಕಂಪನಿ ವಾಹನಗಳನ್ನು ಒದಗಿಸಿತು. ಸಿಯಾಟಲ್ 1973ರಲ್ಲಿ, ಅಟ್ಲಾಂಟಾ 1980ರಲ್ಲಿ ಅದೇ ಕಂಪನಿಯ ವಾಹನಗಳನ್ನು ಅಳವಡಿಸಿಕೊಂಡವು.

ಒಂದು ಸ್ವತ್ತಲ್ಲ, ಹಲವು

ಲೆಕ್ಕಪತ್ರದಲ್ಲಿ ಇದು ಒಂದೇ ಸ್ವತ್ತಾಗಿ ಕಾಣಬಹುದು. ವಾಸ್ತವದಲ್ಲಿ ಹಲವು ಸ್ವತ್ತುಗಳ ಕೂಟ. ಸುರಂಗ ಹಾಗೂ ಕಾಂಕ್ರೀಟ್ ಪಥ ದೀರ್ಘಕಾಲ ಬಾಳುತ್ತವೆ. ವಾಹನಗಳು ಎರಡು ಮೂರು ದಶಕ ಓಡಬಲ್ಲವು. ನಿಯಂತ್ರಣದ ಎಲೆಕ್ಟ್ರಾನಿಕ್ ಸಾಧನಗಳು ಅದಕ್ಕೂ ಮೊದಲೇ ಹಳತಾಗುತ್ತವೆ. ಚಕ್ರ ಸವೆಯುವ ಮುನ್ನವೇ ಬಿಡಿಭಾಗ ದೊರೆಯದ ಸ್ಥಿತಿ ಬರುವುದುಂಟು.

ಸಾಮಾನ್ಯ ರೈಲಿಗೆ ಸಮಾನ ಅಳತೆಯ ಹಳಿ ಇದೆ. ಪೀಪಲ್ ಮೂವರ್‌ಗಳಲ್ಲಾದರೋ ಪಥದ ಅಗಲ, ದಾರಿ ತೋರುವ ಕಂಬಿ, ವಿದ್ಯುತ್ ಪೂರೈಕೆ, ನಿಯಂತ್ರಣ ಎಲ್ಲವೂ ತಯಾರಕರ ಸ್ವಂತ ವಿನ್ಯಾಸ. ಒಬ್ಬರ ವಾಹನ ಇನ್ನೊಬ್ಬರ ಪಥದಲ್ಲಿ ಸುಲಭವಾಗಿ ಓಡದು. ಆದುದರಿಂದ ಮೊದಲ ಖರೀದಿಯೇ ಮುಂದಿನ ಖರೀದಿಗಳ ಚೌಕಾಸಿಯ ಬಲವನ್ನು ಕುಗ್ಗಿಸುತ್ತದೆ. ಆ ತಯಾರಕರಾದರೂ ಸ್ಥಿರವೇ? ವೆಸ್ಟಿಂಗ್‌ಹೌಸ್‌ನ ಈ ವಿಭಾಗ 1988ರಲ್ಲಿ ಜರ್ಮನಿಯ ಎಇಜಿಯ ಪಾಲಾಯಿತು. 1996ರಲ್ಲಿ ಆಡ್‌ಟ್ರಾಂಜ್, 2001ರಲ್ಲಿ ಬೊಂಬಾರ್ಡಿಯರ್, 2021ರಲ್ಲಿ ಆಲ್‌ಸ್ಟಮ್ ಅದರ ಒಡೆತನ ಪಡೆದವು. ಪಥ ಅದೇ ಉಳಿಯಿತು, ಬಿಡಿಭಾಗಕ್ಕೆ ಬರೆಯಬೇಕಾದ ವಿಳಾಸ ನಾಲ್ಕು ಬಾರಿ ಬದಲಾಯಿತು.

ಮೂರು ಊರು, ಮೂರು ದಾರಿ

ಸಿಯಾಟಲ್ ಹಳೆಯ ಸುರಂಗವನ್ನೇ ಉಳಿಸಿಕೊಂಡು, 1999ರಿಂದ 2004ರ ಅವಧಿಯಲ್ಲಿ ಅದೇ ವಂಶದ ಹೊಸ ವಾಹನಗಳನ್ನು ತಂದಿತು. ಹೊಸ ಸುರಂಗದ ವೆಚ್ಚ ಉಳಿಯಿತು. ಆದರೆ 1973ರ ಸುರಂಗದ ಅಳತೆಗೆ ಹೊಸ ವಾಹನವೂ ಒಗ್ಗಿಕೊಳ್ಳಬೇಕಾಯಿತು.

ಡಲ್ಲಾಸ್-ಫೋರ್ಟ್ ವರ್ತ್‌ನ ಕಥೆ ಬೇರೆ. 1974ರಲ್ಲಿ ಆರಂಭವಾದ ಅಲ್ಲಿನ 'ಏರ್‌ಟ್ರಾನ್ಸ್' ಒಂದೇ ದಿಕ್ಕಿನಲ್ಲಿ ಸುತ್ತುವ ಪಥಗಳ ವ್ಯವಸ್ಥೆ. ಆ ಊರಿನಿಂದಲೇ ಹೊರಡುವ, ಅಲ್ಲಿಗೇ ಬರುವ ಪ್ರಯಾಣಿಕರನ್ನು ಮುಖ್ಯವಾಗಿ ಲೆಕ್ಕಕ್ಕೆ ಹಿಡಿದು ನಿಲ್ದಾಣವನ್ನು ಯೋಜಿಸಲಾಗಿತ್ತು. 1978ರಲ್ಲಿ ಅಮೆರಿಕ ವಿಮಾನಯಾನದ ಮೇಲಿನ ನಿಯಂತ್ರಣ ಸಡಿಲಿಸಿತು. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಈ ನಿಲ್ದಾಣವನ್ನು ತನ್ನ ಕೇಂದ್ರವಾಗಿಸಿಕೊಂಡಿತು. ವಿಮಾನ ಬದಲಿಸುವವರ ಸಂಖ್ಯೆ ಬೆಳೆಯಿತು. ಅವರಿಗೆ ಬೇಕಾದದ್ದು ಭದ್ರತಾ ತಪಾಸಣೆಯ ಒಳಗೇ ಎರಡೂ ದಿಕ್ಕಿಗೆ ಓಡುವ ವೇಗದ ರೈಲು. ಯಂತ್ರ ಕೆಟ್ಟಿತೆನ್ನುವುದಕ್ಕಿಂತ ವ್ಯಾಪಾರವೇ ಬದಲಾಯಿತೆನ್ನುವುದು ಹೆಚ್ಚು ಸರಿ. ಹಳೆಯದು ಓಡುತ್ತಿರುವಾಗಲೇ 'ಸ್ಕೈಲಿಂಕ್' ಎಂಬ ಹೊಸ ಮೇಲ್ಪಥವನ್ನು ನಿರ್ಮಿಸಲಾಯಿತು. 2005ರ ಮೇ ತಿಂಗಳಲ್ಲಿ ಅದು ಸೇವೆಗಿಳಿದ ನಂತರ, ಅದೇ ವರ್ಷ ಏರ್‌ಟ್ರಾನ್ಸ್ ವಿಶ್ರಾಂತಿ ಪಡೆಯಿತು. ವೆಚ್ಚ ಹೆಚ್ಚು, ಆದರೆ ಸೇವೆ ಕಡಿಯಲಿಲ್ಲ.

ನ್ಯೂಅರ್ಕ್‌ನ ಮೋನೊರೈಲು 1996ರಲ್ಲಿ ಆರಂಭವಾಗಿ, 2001ರಲ್ಲಿ ರೈಲು ನಿಲ್ದಾಣದವರೆಗೆ ವಿಸ್ತರಣೆಗೊಂಡಿತು. ಅದರ ಡಬ್ಬಿಗಳು ಕಿರಿದು. ಜನಸಂದಣಿ ಬೆಳೆದಾಗ ಅಗಲವಾದ ವಾಹನ ತರಲು ಆ ಪಥ ಒದಗಿಬರಲಿಲ್ಲ. 2019ರಲ್ಲಿ ಸುಮಾರು 205 ಕೋಟಿ ಡಾಲರ್ ಅಂದಾಜಿನಲ್ಲಿ ಹೊಸ ವ್ಯವಸ್ಥೆಗೆ ಒಪ್ಪಿಗೆ ದೊರೆಯಿತು. ಆನಂತರ ಯೋಜನೆಯ ಮೊತ್ತ ಸುಮಾರು 350 ಕೋಟಿ ಡಾಲರ್‌ಗೆ ಏರಿತು. ಪಥ ಕಟ್ಟಿದಾಗ ಬಿಡದ ಜಾಗದ ಬೆಲೆ ಬದಲಾವಣೆಯ ದಿನ ತಿಳಿಯುತ್ತದೆ.

ಸಣ್ಣ ಕೈಗಾರಿಕೆಗೆ ಅನ್ವಯ

ಈ ಪಾಠ ಕಾರ್ಖಾನೆಯ ಸಿಎನ್‌ಸಿ ಯಂತ್ರಕ್ಕೂ, ಪ್ಯಾಕಿಂಗ್ ಘಟಕಕ್ಕೂ ಸಲ್ಲುತ್ತದೆ. ಭಾರತದ ಕಂಪನಿ ಕಾಯಿದೆ, 2013ರ ಎರಡನೆಯ ಅನುಸೂಚಿಯ ಪ್ರಕಾರ, ಸ್ವತ್ತಿನ ಒಂದು ಭಾಗದ ವೆಚ್ಚ ಗಣನೀಯವಾಗಿದ್ದು ಅದರ ಆಯುಷ್ಯ ಭಿನ್ನವಾಗಿದ್ದಲ್ಲಿ, ಆ ಭಾಗದ ಆಯುಷ್ಯವನ್ನು ಪ್ರತ್ಯೇಕವಾಗಿ ನಿರ್ಧರಿಸಬೇಕು. ಅದೇ ಅನುಸೂಚಿ ಸಾಮಾನ್ಯ ಯಂತ್ರೋಪಕರಣಕ್ಕೆ 15 ವರ್ಷವನ್ನೂ, ಸರ್ವರ್ ಮತ್ತು ನೆಟ್‌ವರ್ಕ್‌ಗೆ 6 ವರ್ಷವನ್ನೂ ಸೂಚಿಸುತ್ತದೆ. ಕಂಪನಿಯಲ್ಲದ ಪಾಲುದಾರಿಕೆ ಸಂಸ್ಥೆಗೆ ಈ ಅನುಸೂಚಿ ಕಡ್ಡಾಯವಲ್ಲದಿದ್ದರೂ ಅದರ ವಿವೇಕ ಎಲ್ಲರಿಗೂ ಉಪಯುಕ್ತ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸವಕಳಿಯನ್ನು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಹಣ ಪೆಟ್ಟಿಗೆಯಲ್ಲಿ ಕೂಡುವುದಿಲ್ಲ. ಸವಕಳಿಯ ಲೆಕ್ಕ ನಡೆಯುವುದು ಹಳೆಯ ಖರೀದಿ ಬೆಲೆಯ ಮೇಲೆ; ಬದಲಿ ಯಂತ್ರ ಬರುವುದು ಅಂದಿನ ಬೆಲೆಗೆ. ಈ ಅಂತರಕ್ಕೆ ಪ್ರತಿ ವರ್ಷದ ಲಾಭದಿಂದ ಪ್ರತ್ಯೇಕ ಮೀಸಲು ತೆಗೆದಿಡದವರು ಸಾಲದ ಬಾಗಿಲು ತಟ್ಟಬೇಕಾಗುತ್ತದೆ.

ಖರೀದಿ ಆದೇಶಕ್ಕೆ ಸಹಿ ಹಾಕುವ ಮುನ್ನ ಮೂರು ಅಂಶಗಳನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳುವುದು ಲೇಸು: ಬಿಡಿಭಾಗಗಳ ಪೂರೈಕೆಗೆ ಎಷ್ಟು ವರ್ಷದ ಭರವಸೆ ಇದೆ, ಕಂಪನಿ ಕೈಬದಲಾದರೆ ಆ ಹೊಣೆ ಯಾರದು, ನಕ್ಷೆ ಮತ್ತು ತಂತ್ರಾಂಶದ ಹಕ್ಕು ಖರೀದಿದಾರನಿಗೆ ಎಷ್ಟರ ಮಟ್ಟಿಗೆ ದೊರೆಯುತ್ತದೆ. ಇವುಗಳೊಂದಿಗೆ, ಹಳೆಯ ಯಂತ್ರ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ಕೂರಿಸಲು ಸಾಕಾಗುವಷ್ಟು ಜಾಗವನ್ನು ಶೆಡ್ಡಿನ ನಕ್ಷೆಯಲ್ಲೇ ಗುರುತಿಸಿಡಬೇಕು. ಆ ಖಾಲಿ ಜಾಗಕ್ಕೆ ಇಂದು ಆದಾಯವಿಲ್ಲ ನಿಜ. ಯಂತ್ರ ಬದಲಿಸುವ ತಿಂಗಳಲ್ಲಿ ಗಿರಾಕಿಯನ್ನು ಉಳಿಸಿಕೊಡುವುದು ಅದೇ.